ನಡುವಿನ ಗಿಡ ಯಾಕೆ ಸೊರಗಿದೆ? ಕೈತೋಟದಲ್ಲಿ ಅಂತರ ತಪ್ಪಿದ್ದನ್ನು ಪತ್ತೆ ಹಚ್ಚುವ ಬಗೆ

ಆ ವರ್ಷ ಆಷಾಢದಲ್ಲಿ ನರ್ಸರಿಯಿಂದ ಒಂದು ಟ್ರೇ ಟೊಮೆಟೊ ಸಸಿ ತಂದಿದ್ದೆ. 98 ಗುಳಿಯ ಟ್ರೇ. ಬೀದಿಯವರಿಗೆಲ್ಲ ಹಂಚಿದ ಮೇಲೂ 42 ಸಸಿ ಉಳಿದವು. ಹಿತ್ತಲಿನ ಮಡಿ 10 ಅಡಿ ಉದ್ದ, 6 ಅಡಿ ಅಗಲ. ಬೆರಳುದ್ದದ ಸಸಿಗಳು, ಅಷ್ಟನ್ನೂ ನೆಟ್ಟ ಮೇಲೂ ಮಡಿ ಬೋಳುಬೋಳಾಗಿಯೇ ಕಾಣುತ್ತಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಅದು ಕಾಡಾಯಿತು. ಕೆಳಗಿನ ಎಲೆಗಳಲ್ಲಿ ಕಂದು ಉಂಗುರ, ಆಮೇಲೆ ಹಳದಿ, ಆಮೇಲೆ ಒಣಗಿ ಜೋತಾಟ. ಎಲೆಯೊಂದನ್ನು ಕೈಯಲ್ಲಿ ಹಿಡಿದು ಔಷಧಿ ಅಂಗಡಿಗೆ ಹೊರಟವಳನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರವೇ ತಡೆದರು.

"ಅಂಚಿನ ಗಿಡ ನೋಡಿದ್ರೇನಮ್ಮಾ?"

"ಅಂಚಿನವು ಚೆನ್ನಾಗೇ ಇವೆ ಮೇಷ್ಟ್ರೇ. ನಡುವಿನವೇ ಹೀಗಾಗಿರೋದು."

"ಮಣ್ಣು ಅದೇ, ನೀರು ಅದೇ, ಒಂದೇ ಟ್ರೇ ಸಸಿ. ಮತ್ತೆ ಅಂಚಿನವಕ್ಕೆ ಯಾಕೆ ಬರಲಿಲ್ಲ?"

ಔಷಧಿಯ ದುಡ್ಡು ಉಳಿಯಿತು. ಲೆಕ್ಕ ಹಾಕಿದರೆ ತಪ್ಪು ಎದುರಿಗೇ ಇತ್ತು: ಟೊಮೆಟೊಗೆ ಸಾಲಿಗೆ ಸಾಲು 2 ಅಡಿ, ಗಿಡಕ್ಕೆ ಗಿಡ ಒಂದೂವರೆ ಅಡಿ, ಅಂದರೆ ಒಂದು ಗಿಡಕ್ಕೆ 3 ಚದರ ಅಡಿ. 60 ಚದರ ಅಡಿಯ ಮಡಿಗೆ 20 ಗಿಡ. ನಾನು ಇಟ್ಟದ್ದು ಅದರ ಎರಡರಷ್ಟಕ್ಕಿಂತ ಎರಡು ಹೆಚ್ಚು. ಅದಾದ ಮೇಲೆ ಯಾರು ತೋಟದ ತೊಂದರೆ ಹೇಳಿಕೊಂಡು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಮೇಷ್ಟ್ರದ್ದೇ. ಕೆಳಗೆ ಬರೆದಿರುವುದೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಖರ್ಚಿಲ್ಲದ ಮೂರು ಪರೀಕ್ಷೆ

ಯಾವ ಲಕ್ಷಣ ಕಂಡರೂ ಮೊದಲು ಇವನ್ನು ಮಾಡಿ. ಹತ್ತು ನಿಮಿಷದ ಕೆಲಸ.

ಅಂಚು–ನಡು ಪರೀಕ್ಷೆ: ಮಡಿಯ ಅಂಚಿನ ಮೂರು ಗಿಡ, ನಟ್ಟನಡುವಿನ ಮೂರು ಗಿಡ ಆರಿಸಿ. ಕಾಂಡದ ದಪ್ಪ, ಬುಡದಿಂದ ಎಷ್ಟು ಎತ್ತರದವರೆಗೆ ಎಲೆ ಉದುರಿದೆ, ಕಾಯಿ ಎಷ್ಟಿದೆ, ಈ ಮೂರನ್ನು ಹೋಲಿಸಿ. ಅಂಚಿನವು ದಪ್ಪ, ನಡುವಿನವು ಸಣಕಲು ಎಂದಾದರೆ ಗಿಡಗಳು ಒತ್ತಾಗಿವೆ. ಎರಡೂ ಒಂದೇ ಥರ ಸೊರಗಿದ್ದರೆ ಮಣ್ಣು, ನೀರು, ಬೀಜದ ಕಡೆ ನೋಡಿ. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಕೆಟ್ಟಿದ್ದರೆ ರೋಗವೋ ಕೀಟವೋ ಇರಬೇಕು. ಒಂದೇ ಬದಿಯ ಗಿಡಗಳು ಸೊರಗಿದ್ದರೆ ನೆರಳು ಅಥವಾ ಹತ್ತಿರದ ಮರದ ಬೇರು.

ಕೈ ಪರೀಕ್ಷೆ: ಎರಡು ಗಿಡಗಳ ನಡುವೆ ಕೈ ತೂರಿಸಿ ನೆಲ ಮುಟ್ಟಿ. ಎಲೆ ಹರಿಯದೆ ಅಂಗೈ ನೆಲಕ್ಕೆ ತಾಗಿದರೆ ಗಾಳಿಗೂ ದಾರಿ ಇದೆ. ಹಾವು ಓಡಾಡುವ ಕಡೆಯಾದರೆ ಮೊದಲು ಕೋಲಾಡಿಸಿ, ಆಮೇಲೆ ಕೈ ಹಾಕಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಕುಂಬಳದ ಬಳ್ಳಿಯ ಮಾತು ಬಂದಾಗ ಮತ್ತೆ ಹೇಳುತ್ತೇನೆ.

ಇಬ್ಬನಿ ಪರೀಕ್ಷೆ: ಬಿಸಿಲು ಬಿದ್ದ ದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೋಗಿ. ಹೊರಗಿನ ಎಲೆಗಳು ಒಣಗಿ, ಒಳಗಿನವು ಇನ್ನೂ ಒದ್ದೆ ಇದ್ದರೆ ಎಲೆಚುಕ್ಕೆ, ಕೊಳೆ, ಬೂಷ್ಟು ಬರಲು ಹಾಸಿಗೆ ಹಾಸಿಟ್ಟಂತೆ. ಇನ್ನೂ ರೋಗ ಕಾಣದಿದ್ದರೂ ಅಲ್ಲಿ ಗಿಡ ಕಡಿಮೆ ಮಾಡುವುದು ಒಳ್ಳೆಯದು.

ಎಷ್ಟು ಅಂತರ ಇರಬೇಕಿತ್ತು?

ಟೇಪು ಹುಡುಕುತ್ತಾ ಕೂರಬೇಡಿ, ಕೈಯೇ ಸಾಕು. ಹೆಬ್ಬೆರಳಿನಿಂದ ಕಿರುಬೆರಳಿಗೆ ಅಗಲಿಸಿದರೆ ಒಂದು ಗೇಣು, ಸುಮಾರು 22 ಸೆಂ.ಮೀ. ಎರಡು ಗೇಣು ಒಂದು ಮೊಳ, ಸುಮಾರು 45 ಸೆಂ.ಮೀ. ನಾಲ್ಕು ಮೊಳ ಒಂದು ಮಾರು, ಹತ್ತಿರ ಹತ್ತಿರ 6 ಅಡಿ. ನಿಮ್ಮ ಗೇಣು ಎಷ್ಟು ಬರುತ್ತದೆಂದು ಒಮ್ಮೆ ಸ್ಕೇಲಿನಲ್ಲಿ ನೋಡಿಟ್ಟುಕೊಳ್ಳಿ. ನನ್ನದು 19ಕ್ಕೇ ನಿಲ್ಲುತ್ತದೆ.

ಬದನೆಗೆ ಎಲ್ಲ ಕಡೆ ಒಂದು ಮೊಳದ ಮೇಲೊಂದು ಗೇಣು. ಟೊಮೆಟೊಗೆ ಸಾಲಿಗೆ ಸಾಲು ಅಷ್ಟೇ, ಸಾಲಿನೊಳಗೆ ಒಂದು ಮೊಳ. ಆಳೆತ್ತರ ಹೋಗುವ ಹೈಬ್ರಿಡ್ ಆದರೆ ಸಾಲುಗಳ ನಡುವೆ ಎರಡು ಮೊಳ ಬಿಡಿ. ಮೆಣಸಿನ ಗಿಡಕ್ಕೆ ಸಾಲಿಗೆ ಸಾಲು 60, ಗಿಡಕ್ಕೆ ಗಿಡ 45 ಸೆಂ.ಮೀ. ಬೆಂಡೆಗೆ ಸಾಲುಗಳ ನಡುವೆ ಮೊಳ, ಗಿಡಗಳ ನಡುವೆ ಒಂದಡಿ. ಮಳೆಗಾಲದ ಬೆಂಡೆಗೆ ಸಾಲು ಇನ್ನೊಂದು ಅರ್ಧ ಅಡಿ ದೂರ. ಎಲೆಕೋಸಿಗೆ ಮೊಳಕ್ಕೆ ಮೊಳ, ಹೂಕೋಸಿಗೆ ಅದಕ್ಕಿಂತ ತುಸು ಹೆಚ್ಚು, ನವಿಲುಕೋಸಿಗೆ ಸಾಲು ಒಂದಡಿ, ಗಿಡ ಒಂದು ಗೇಣು. ಗಿಡ ಹುರುಳಿಕಾಯಿಗೆ ಸಾಲು ಮೊಳ, ಬೀಜ ಆರಂಗುಲ. ಮೂಲಂಗಿ, ಬೀಟ್‌ರೂಟ್, ಕ್ಯಾರೆಟ್‌ಗೆ ಸಾಲು ಒಂದಡಿ, ಸಾಲಿನೊಳಗೆ ನಾಲ್ಕು ಬೆರಳು ಮಡಿಸಿಟ್ಟಷ್ಟು ಜಾಗ. ಸೌತೆ, ಹೀರೆ, ಹಾಗಲ ಚಪ್ಪರಕ್ಕೆ ಹತ್ತುವುದಾದರೆ ಬುಡದಿಂದ ಬುಡಕ್ಕೆ 2ರಿಂದ 3 ಅಡಿ. ಸೋರೆ, ಸಿಹಿಗುಂಬಳ ನೆಲದ ಮೇಲೆ ಹರಿಯುವುದಾದರೆ ಒಂದು ಮಾರಿಗಿಂತ ಹೆಚ್ಚು.

ಬೀಜದ ಪ್ಯಾಕೆಟ್ ಓದುವಾಗ ಎರಡು ಕಡೆ ಎಡವುತ್ತೇವೆ. 60×45 ಎಂದರೆ ಮೊದಲ ಅಂಕಿ ಸಾಲಿಗೆ ಸಾಲು, ಎರಡನೆಯದು ಗಿಡಕ್ಕೆ ಗಿಡ, ಅಳತೆ ಸೆಂಟಿಮೀಟರಿನಲ್ಲಿ. ಹೊರದೇಶದ ಕೆಲವು ಪ್ಯಾಕೆಟ್‌ಗಳಲ್ಲಿ ಅಂಕಿಗಳು ಇಂಚಿನಲ್ಲಿರುತ್ತವೆ. ಇನ್ನೊಂದು, ಆ ಸಾಲಿನ ಅಂತರದಲ್ಲಿ ಹೊಲದಲ್ಲಿ ಓಡಾಡುವ, ಕಳೆ ತೆಗೆಯುವ ಜಾಗವೂ ಸೇರಿರುತ್ತದೆ. ಮನೆಯ ಮಡಿಯೊಳಗೆ ನಾವು ಕಾಲಿಡುವುದಿಲ್ಲವಾದರೆ ಮೂಲಂಗಿಯಂಥ ಸಣ್ಣ ಬೆಳೆಯಲ್ಲಿ ಸಾಲನ್ನು ಹತ್ತಿರ ತರಬಹುದು. ಬದನೆ, ಟೊಮೆಟೊದಲ್ಲಿ ಆ ಆಸೆ ಬೇಡ.

ಜಾಗ ನಿಜಕ್ಕೂ ಸಾಲದಿದ್ದರೆ ಎದುರುಬದುರು ನೆಡುವ ಬದಲು ಒಂದು ಸಾಲಿನ ಎರಡು ಗಿಡಗಳ ನಡುವಿನ ಖಾಲಿ ಜಾಗಕ್ಕೆ ನೇರವಾಗಿ ಮುಂದಿನ ಸಾಲಿನ ಗಿಡ ಬರುವಂತೆ, ಮುಕ್ಕೋನವಾಗಿ ನೆಡಿ. ಎಲ್ಲ ಗಿಡಗಳಿಗೂ ಅದೇ ಅಂತರ ಸಿಕ್ಕಿ, ದೊಡ್ಡ ಮಡಿಯಲ್ಲಿ ಶೇ. 15ರಷ್ಟು ಗಿಡ ಹೆಚ್ಚು ಹಿಡಿಸುತ್ತವೆ. ಮಡಿಯ ಅಗಲ ಮಾತ್ರ 4 ಅಡಿ ದಾಟಬಾರದು. ನನ್ನ 6 ಅಡಿ ಮಡಿಯಲ್ಲಿ ಯಾವ ಕಡೆಯಿಂದ ಬಗ್ಗಿದರೂ ನಡುವಿಗೆ ಕೈ ಎಟುಕುತ್ತಿರಲಿಲ್ಲ. ಹಾಗಾಗಿಯೇ ನಡುವಿನ ರೋಗ ಕಣ್ಣಿಗೆ ಬಿದ್ದದ್ದು ತಡವಾಗಿ.

ಲಕ್ಷಣ: ಗಿಡ ಉದ್ದುದ್ದ ಹೋಗಿದೆ, ಕಾಂಡ ಕಡ್ಡಿಯಂತಿದೆ

ಸಸಿಮಡಿಯಲ್ಲೇ ಹೀಗಾಗಿದ್ದರೆ ಬೀಜ ದಟ್ಟವಾಗಿ ಬಿದ್ದಿದೆ, ಇಲ್ಲವೇ ಬೆಳಕು ಸಾಲದು. ಒಂದು ದಿನ ಕೂತು ಗಂಟೆಗೊಮ್ಮೆ ನೋಡಿ, ಆ ಜಾಗಕ್ಕೆ ನೇರ ಬಿಸಿಲು ಎಷ್ಟು ಹೊತ್ತು ಬೀಳುತ್ತದೆಂದು ಬರೆದಿಡಿ. ಕಾಯಿ ಬಿಡುವ ತರಕಾರಿಗೆ ಆರು ಗಂಟೆಗಿಂತ ಕಡಿಮೆಯಾದರೆ ಅಂತರ ಎಷ್ಟೇ ಕೊಟ್ಟರೂ ಗಿಡ ಬೆಳಕು ಹುಡುಕಿಕೊಂಡು ಉದ್ದ ಹೋಗುತ್ತದೆ. ಅಂಥ ಕಡೆ ಸೊಪ್ಪು ಹಾಕಿ.

ಬಿಸಿಲು ಸಾಕಷ್ಟಿದ್ದೂ ಹೀಗಾದರೆ ಅಂಚು–ನಡು ಪರೀಕ್ಷೆಗೆ ಬನ್ನಿ. ಬೆಂಡೆಯಲ್ಲಿ ಇದು ಢಾಳಾಗಿ ಕಾಣುತ್ತದೆ. ಗೇಣಿಗೊಂದರಂತೆ ಹಾಕಿದ ಬೆಂಡೆ ಪಕ್ಕದ ಕವಲೊಡೆಯದೆ ಒಂಟಿ ಕೋಲಾಗಿ ಏರುತ್ತದೆ. ಅಂಚಿನದು ಎರಡು ಮೂರು ಕವಲು ಒಡೆದು ಅಷ್ಟೂ ಕಡೆ ಕಾಯಿ ಬಿಟ್ಟಿರುತ್ತದೆ. ಸಗಣಿ ಗೊಬ್ಬರ, ಯೂರಿಯಾ ಕೈ ಬಿಗಿಯಿಲ್ಲದೆ ಸುರಿದಿದ್ದರೂ ಗಿಡ ಉದ್ದ ಹೋಗುತ್ತದೆ. ಆಗ ಅಂಚಿನ ಗಿಡವೂ ಕಡುಹಸಿರಾಗಿ, ಮೆದುವಾಗಿ, ಹೂವಿಲ್ಲದೆ ನಿಂತಿರುತ್ತದೆ.

ಪರಿಹಾರ: ಸಸಿಗೆ ನಾಲ್ಕೈದು ಎಲೆ ಬಂದಿರುವಾಗಲೇ ಕಿತ್ತು ಬೇರೆ ಕಡೆ ನೆಡಬಹುದು. ಟೊಮೆಟೊ, ಬದನೆ, ಮೆಣಸಿನಕಾಯಿ, ಕೋಸು ಇದನ್ನು ತಾಳಿಕೊಳ್ಳುತ್ತವೆ. ಸಂಜೆ ಹೊತ್ತು ನೆಟ್ಟು ನೀರು ಕೊಡಿ. ಬೆಂಡೆ, ಹುರುಳಿಕಾಯಿ, ಗೆಡ್ಡೆ ತರಕಾರಿಗಳಿಗೆ ಕಿತ್ತು ನೆಡುವುದು ಆಗಿಬರುವುದಿಲ್ಲ. ಅವುಗಳಲ್ಲಿ ಹೆಚ್ಚಿನದನ್ನು ಬುಡಕ್ಕೆ ಕತ್ತರಿಸಿಬಿಡಿ.

ಲಕ್ಷಣ: ಕೆಳಗಿನ ಎಲೆ ಹಳದಿಯಾಗಿ ಉದುರುತ್ತಿದೆ

ಎಲೆಯನ್ನು ಕಣ್ಣ ಹತ್ತಿರ ಹಿಡಿಯಿರಿ. ಕಂದು ಚುಕ್ಕೆಯೊಳಗೆ ಒಂದರೊಳಗೊಂದು ಉಂಗುರ, ಬಾಣದ ಗುರಿಹಲಗೆಯ ಹಾಗೆ, ಸುತ್ತ ಹಳದಿ ಅಂಚು: ಇದು ಟೊಮೆಟೊದ ಅಂಗಮಾರಿ ರೋಗ. ಮಣ್ಣಿನಲ್ಲೂ ಹಳೆಯ ಗಿಡದ ಕಸದಲ್ಲೂ ಉಳಿದಿರುವ ಶಿಲೀಂಧ್ರ ನೀರು ಚಿಮ್ಮಿದಾಗ ಕೆಳಗಿನ ಎಲೆಗೆ ಹತ್ತುತ್ತದೆ. ಎಲೆ ಹೆಚ್ಚು ಹೊತ್ತು ಒದ್ದೆಯಾಗಿದ್ದರೆ ಮೊಳೆಯುತ್ತದೆ. ಒತ್ತಾಗಿ ನೆಟ್ಟ ಕಡೆ ಎರಡನೆಯದನ್ನು ನಾವೇ ಒದಗಿಸಿಕೊಟ್ಟಿರುತ್ತೇವೆ.

ಚುಕ್ಕೆಯೇ ಇಲ್ಲದೆ ಹಳೆಯ ಎಲೆಗಳೆಲ್ಲ ಸಮನಾಗಿ ತಿಳಿಹಳದಿಗೆ ತಿರುಗಿದ್ದರೆ ಸಾರಜನಕದ ಹಸಿವು. ಅಂಚಿನ ಗಿಡ ಹಸಿರಾಗಿದ್ದು ನಡುವಿನದು ಮಾತ್ರ ಹೀಗಿದ್ದರೆ, ಒಬ್ಬರ ತಟ್ಟೆಯಲ್ಲಿ ಇಬ್ಬರು ಉಣ್ಣುತ್ತಿದ್ದಾರೆ ಎಂದರ್ಥ. ಗೊಬ್ಬರ ಹೆಚ್ಚಿಸುವ ಮೊದಲು ಗಿಡ ಕಡಿಮೆ ಮಾಡಿ.

ಎಲೆಯ ಮೇಲೆ ವಿಭೂತಿ ಬಳಿದಂತೆ ಬಿಳಿ ಪುಡಿ ಇದ್ದರೆ ಬೂದಿ ರೋಗ. ಸೌತೆ, ಕುಂಬಳ, ಬೆಂಡೆ, ಬಟಾಣಿಯಲ್ಲಿ ಸಾಮಾನ್ಯ. ಇದಕ್ಕೆ ಎಲೆ ಒದ್ದೆಯಾಗಲೇಬೇಕೆಂದಿಲ್ಲ, ನೆರಳು ಮತ್ತು ನಿಂತ ಗಾಳಿ ಸಾಕು. ಹಾಗಾಗಿ ಒಣ ಹವೆಯಲ್ಲೂ ಬರುತ್ತದೆ.

ಏನು ಮಾಡಬೇಕು? ಅಗ್ಗದ್ದು ಮೊದಲು. ಗಿಡದ ಬುಡದಿಂದ ಒಂದಡಿವರೆಗಿನ ಎಲೆಗಳನ್ನು ಒಣ ಹವೆಯ ದಿನ ಕತ್ತರಿಸಿ ತೆಗೆಯಿರಿ. ಬುಡಕ್ಕೆ ತರಗೆಲೆ ಇಲ್ಲವೇ ಒಣಹುಲ್ಲು ಹೊದಿಸಿ, ಮಣ್ಣು ಚಿಮ್ಮುವುದು ನಿಲ್ಲುತ್ತದೆ. ನೀರು ಎಲೆಗಲ್ಲ, ಬುಡಕ್ಕೆ, ಬೆಳಗಿನ ಹೊತ್ತು. ಗಿಡಕ್ಕೆ ಗೂಟ ಕೊಟ್ಟು ಕಟ್ಟಿ. ಇಷ್ಟಕ್ಕೂ ಹೊಸ ಎಲೆಗೆ ಚುಕ್ಕೆ ಹತ್ತಿದರೆ ಒಂದು ಬಿಟ್ಟು ಒಂದು ಗಿಡ ತೆಗೆಯಿರಿ. ನಾನು 42ರಲ್ಲಿ 22ನ್ನು ಕುಡುಗೋಲು ಹಿಡಿದು ಕೊಯ್ದ ದಿನ ನಮ್ಮತ್ತೆ ಮಾತಾಡಲಿಲ್ಲ. "ಹೂ ಬಿಟ್ಟಿರೋ ಗಿಡ ಕಣೇ" ಅಂದದ್ದು ಅಷ್ಟೇ. ಎರಡು ವಾರದಲ್ಲಿ ಉಳಿದವು ತುದಿಯಿಂದ ಚೊಕ್ಕ ಎಲೆ ಬಿಟ್ಟವು. ಕೆಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದಕ್ಕೆ ಕಾಯಬೇಡಿ.

ತಳಿಯ ಮೇಲೆ ಪೂರ್ತಿ ಭಾರ ಹಾಕಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಲೆಮುಟುರು ನಂಜು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆದುಕೊಳ್ಳಲೆಂದೇ ರೂಪಿಸಿದ್ದು. ಅದನ್ನೂ ಗೇಣಿಗೊಂದರಂತೆ ತುರುಕಿದರೆ ಕಾಯಿ ಗೋಲಿಯಷ್ಟೇ.

ಎಚ್ಚರಿಕೆ: ಒತ್ತಾದ ಮಡಿಗೆ ಔಷಧಿ ಹೊಡೆದರೆ ಅದು ಮೇಲಿನ ಎಲೆಯಲ್ಲೇ ನಿಲ್ಲುತ್ತದೆ, ರೋಗವಿರುವ ಕೆಳಗಿನ ಎಲೆಗೆ ತಲುಪುವುದಿಲ್ಲ, ಮಾರನೆಯ ದಿನ ಕಾಯಿ ಕೀಳಲು ಬಗ್ಗಿದ ನಿಮ್ಮ ಮೈಗೆ ತಾಗುತ್ತದೆ. ಅನಿವಾರ್ಯವಾದರೆ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಕೆಂಪು ಅತಿ ಘೋರ ವಿಷ, ಹಳದಿ ಅದರ ನಂತರದ್ದು, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆ ವಿಷದ್ದು ಹಸಿರು. ಕೆಂಪು, ಹಳದಿಯವಕ್ಕೆ ಮನೆಯ ಹಿತ್ತಲಿನಲ್ಲಿ ಜಾಗವೇ ಇಲ್ಲ. ಸಿಂಪಡಿಸಿದ ಎಷ್ಟು ದಿನಕ್ಕೆ ಕಾಯಿ ಕೀಳಬಹುದೆಂದು ಚೀಟಿಯ ಮೇಲೆ ಇರುತ್ತದೆ, ಆ ದಿನಗಳನ್ನು ದಾಟಿಸಿ.

ಲಕ್ಷಣ: ಮೂಲಂಗಿಯಲ್ಲಿ ಸೊಪ್ಪೇ ಸೊಪ್ಪು, ಗೆಡ್ಡೆ ಬಾಲದಷ್ಟು

ಇದು ನೂರಕ್ಕೆ ತೊಂಬತ್ತು ಪಾಲು ನಮ್ಮ ಕರುಣೆಯ ಫಲ. ಬೀಜ ಒತ್ತಾಗಿ ಬೀಳುವುದು ತಪ್ಪಲ್ಲ, ಸಣ್ಣ ಬೀಜ ಕೈಯಿಂದ ಹಾಗೆಯೇ ಬೀಳುವುದು. ತಪ್ಪು ಆಗುವುದು ಹತ್ತು ಹದಿನೈದು ದಿನದ ನಂತರ, ಹೆಚ್ಚಾದದ್ದನ್ನು ಕೀಳದೆ ಬಿಡುವುದರಲ್ಲಿ.

ಪರೀಕ್ಷೆ: ಸಾಲಿನ ಒಂದು ಕಡೆ ಮಣ್ಣು ಬೆರಳಿನಿಂದ ಸರಿಸಿ ಕುತ್ತಿಗೆ ನೋಡಿ. ಎರಡು ಮೂರು ಗೆಡ್ಡೆ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಅಥವಾ ಭುಜಕ್ಕೆ ಭುಜ ಒತ್ತಿ ಚಪ್ಪಟೆಯಾಗಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ನಾಲ್ಕು ಬೆರಳು ಜಾಗ ಇದ್ದೂ ಗೆಡ್ಡೆ ಕಟ್ಟದಿದ್ದರೆ ಮುಂದಿನ ಶಂಕೆ ನೆರಳಿನ ಮೇಲೆ, ಅದಾದ ಮೇಲೆ ಸಾರಜನಕ ಹೆಚ್ಚಾಗಿರುವುದರ ಮೇಲೆ, ಕೊನೆಗೆ ಬೇಸಿಗೆಯ ಕಾವಿಗೆ ಒಗ್ಗದ ತಳಿಯ ಮೇಲೆ. ಕ್ಯಾರೆಟ್ ಎರಡು ಕಾಲಿನ ಗೊಂಬೆಯಂತೆ ಕವಲೊಡೆದಿದ್ದರೆ ಕಾರಣ ಅಂತರವಲ್ಲ, ಕಲ್ಲು, ಗಟ್ಟಿ ಮಣ್ಣು, ಇಲ್ಲವೇ ಕಳಿಯದ ಹಸಿ ಗೊಬ್ಬರ.

ಬೀಟ್‌ರೂಟ್ ಹಾಕಿದವರು "ಅಳೆದು ಒಂದೊಂದೇ ಬೀಜ ಇಟ್ಟಿದ್ದೆ, ಆದರೂ ಗುಂಪಾಗಿ ಹುಟ್ಟಿದೆ" ಎಂದು ಅಂಗಡಿಯವರನ್ನು ಬೈಯುತ್ತಾರೆ. ಅಂಗಡಿಯವರ ತಪ್ಪಿಲ್ಲ. ನಾವು ಬೀಟ್‌ರೂಟ್ ಬೀಜ ಎನ್ನುವ ಆ ಮುಳ್ಳುಮುಳ್ಳು ಉಂಡೆ ಹಲವು ಬೀಜಗಳ ಗೊಂಚಲು. ಒಂದರಿಂದ ಮೂರು ನಾಲ್ಕು ಮೊಳಕೆ ಬರುವುದೇ ಅದರ ಗುಣ. ಕೊತ್ತಂಬರಿ ಕಾಳಿನಲ್ಲೂ ಎರಡು ಬೀಜ ಇರುತ್ತವೆ, ಬಿತ್ತುವ ಮೊದಲು ಚಪ್ಪಲಿಯಲ್ಲೋ ಲಟ್ಟಣಿಗೆಯಲ್ಲೋ ಉಜ್ಜಿ ಇಬ್ಭಾಗ ಮಾಡುವುದು ಅದಕ್ಕೇ.

ಕೀಳುವ ಕ್ರಮ: ಹಿಂದಿನ ಸಂಜೆ ನೀರು ಕೊಟ್ಟಿರಿ. ಎಳೆದು ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ, ಅದಕ್ಕೆ ಸಣ್ಣ ಕತ್ತರಿಯಲ್ಲಿ ನೆಲಮಟ್ಟಕ್ಕೆ ಕತ್ತರಿಸಿ. ಮೊದಲ ಸಲ ಎರಡು ಬೆರಳಿಗೊಂದು, ವಾರ ಬಿಟ್ಟು ನಾಲ್ಕು ಬೆರಳಿಗೊಂದು ಉಳಿಸಿ. ಎರಡನೆಯ ಸಲ ಕತ್ತರಿಸಿದ ಮೂಲಂಗಿ ಸೊಪ್ಪಿಗೆ ತೊಗರಿಬೇಳೆ ಹಾಕಿ ಬಸಿದರೆ ಆ ದಿನದ ಬಸ್ಸಾರು, ಪಲ್ಯ ಎರಡೂ ಆಯಿತು. ಟೊಮೆಟೊ ಕೊಯ್ದಾಗ ಮುನಿಸಿಕೊಂಡಿದ್ದ ನಮ್ಮತ್ತೆ ಈಗ ಮೂಲಂಗಿ, ದಂಟು ತೆಳು ಮಾಡುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ. ಮುಂದಿನ ಸಲಕ್ಕೆ ಬೀಜವನ್ನು ಅದರ ನಾಲ್ಕೈದು ಪಾಲು ಒಣ ಮರಳಿನೊಂದಿಗೆ ಕಲಸಿ ಉದುರಿಸಿ, ಅರ್ಧ ಕೆಲಸ ಉಳಿಯುತ್ತದೆ.

ಲಕ್ಷಣ: ಬಳ್ಳಿಯ ತುಂಬ ಹೂ, ಒಂದೂ ಕಾಯಿಲ್ಲ

ಮೊದಲು ಹೂವಿನ ಹಿಂಬದಿ ನೋಡಿ. ಪುಟ್ಟ ಕಾಯಿಯ ಆಕಾರ ಇದ್ದರೆ ಹೆಣ್ಣು ಹೂ, ಬರೀ ತೊಟ್ಟಿದ್ದರೆ ಗಂಡು. ಹೀರೆ, ಸೋರೆ, ಕುಂಬಳಗಳಲ್ಲಿ ಶುರುವಿಗೆ ಗಂಡು ಹೂಗಳೇ ಬರುತ್ತವೆ. ವಾರವೋ ಹತ್ತು ದಿನವೋ ಕಾಯಿರಿ, ಇದು ದೋಷವಲ್ಲ.

ಹೆಣ್ಣು ಹೂ ಬಂದು, ಹಿಂಬದಿಯ ಮಿಡಿ ಹಳದಿಯಾಗಿ ಉದುರುತ್ತಿದ್ದರೆ ಪರಾಗ ಸೇರಿಲ್ಲ. ಒಂದೇ ಗುಣಿಯಲ್ಲಿ ನಾಲ್ಕೈದು ಬೀಜ ಹಾಕಿ ಎಲ್ಲವನ್ನೂ ಬೆಳೆಸಿದವರ ಮನೆಯಲ್ಲಿ ಇದು ಹೆಚ್ಚು. ಎಲೆಯ ಮೇಲೆ ಎಲೆ ಹೇರಿಕೊಂಡು ಹೂ ಒಳಗೆ ಅಡಗುತ್ತದೆ, ಜೇನ್ನೊಣಕ್ಕೆ ಕಾಣುವುದೇ ಇಲ್ಲ. ಗುಣಿಗೆ ಎರಡೇ ಬಳ್ಳಿ ಉಳಿಸಿ. ನಾಲ್ಕು ಜನರ ಮನೆಗೆ ಒಂದು ಸೋರೆ ಬಳ್ಳಿ ಸಾಕು, ಎರಡಾದರೆ ಬೀದಿಗೆಲ್ಲ ಹಂಚುವ ಕೆಲಸ ನಿಮ್ಮದು.

ಬಳ್ಳಿ ಬಿಡಿಸುವವರೆಗೆ ಕೈಯಿಂದ ಪರಾಗ ಮುಟ್ಟಿಸಬಹುದು. ಗಂಡು ಹೂವಿನ ಪಕಳೆ ಕಿತ್ತು, ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುಭಾಗಕ್ಕೆ ಮೆಲ್ಲಗೆ ಸವರಿ. ಹೊತ್ತು ಮುಖ್ಯ: ಕುಂಬಳ, ಸೌತೆ, ಹಾಗಲದ ಹೂ ಅರಳುವುದು ಬೆಳಗ್ಗೆ, ಹೀರೆ, ಸೋರೆಯದು ಸಂಜೆ. ಬೆಳಗ್ಗೆ ಹತ್ತಕ್ಕೆ ಸೋರೆ ಹೂ ಹುಡುಕಿದರೆ ಬಾಡಿದ ಹೂವೇ ಸಿಗುವುದು.

ಎಚ್ಚರಿಕೆ: ನೆಲದ ಮೇಲೆ ದಟ್ಟವಾಗಿ ಹಬ್ಬಿದ ಕುಂಬಳದ ಬಳ್ಳಿಯಡಿ ಇಲಿ, ಕಪ್ಪೆ ಸೇರುತ್ತವೆ, ಅವುಗಳ ಹಿಂದೆ ಹಾವು. ಬರಿಗೈ ಬರಿಗಾಲಲ್ಲಿ ನುಗ್ಗಬೇಡಿ. ಕೋಲಿನಿಂದ ಎಲೆ ಎತ್ತಿ ನೋಡಿ, ಸಂಜೆಯಾದರೆ ಟಾರ್ಚ್ ಇರಲಿ. ಕಚ್ಚಿದರೆ ಕಟ್ಟು, ಕೊಯ್ತ, ನಾಟಿ ಮದ್ದು ಯಾವುದೂ ಬೇಡ, ಕಚ್ಚಿದ ಕೈ ಕಾಲು ಅಲುಗಿಸದೆ ನೇರ ಆಸ್ಪತ್ರೆಗೆ.

ಲಕ್ಷಣ: ಮಧ್ಯಾಹ್ನ ಬಾಡುತ್ತದೆ

ಸಂಜೆಗೆ ಚೇತರಿಸಿಕೊಳ್ಳುತ್ತದೆಯೇ? ಹಾಗಿದ್ದರೆ ಬಾಯಾರಿಕೆ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ. ಅಂಚಿನ ಗಿಡದ ಬುಡ ತೇವವಾಗಿದ್ದು ನಡುವಿನದು ಒಣಗಿದ್ದರೆ, ಅಷ್ಟು ಬೇರುಗಳು ಅಷ್ಟೇ ನೀರಿಗೆ ಕಿತ್ತಾಡುತ್ತಿವೆ.

ಬೆಳಗ್ಗೆಯೂ ಬಾಡಿದಂತೆಯೇ ಇದ್ದು, ಎಲೆ ಇನ್ನೂ ಹಸಿರಾಗಿದ್ದರೆ ಒಂದು ಗಾಜಿನ ಲೋಟ ತನ್ನಿ. ಬುಡದ ಹತ್ತಿರದ ಕಾಂಡವನ್ನು ಬೆರಳುದ್ದ ಕತ್ತರಿಸಿ, ಕತ್ತರಿಸಿದ ತುದಿ ತಿಳಿನೀರಿಗೆ ತಾಗುವಂತೆ ತೂಗುಬಿಡಿ. ಅಲುಗಿಸದೆ ಐದು ನಿಮಿಷ ಬೆಳಕಿಗೆ ಹಿಡಿದು ನೋಡಿ. ತುದಿಯಿಂದ ಹಾಲಿನ ಎಳೆಯಂಥದ್ದು ಇಳಿಯತೊಡಗಿದರೆ ಅದು ದುಂಡಾಣು ಸೊರಗು ರೋಗ. ಇಲ್ಲಿಗೆ ಅಂತರದ ವಿಚಾರ ಮುಗಿಯಿತು, ನೀವು ಸರಿಯಾಗಿಯೇ ನೆಟ್ಟಿದ್ದರೂ ಇದು ಬರುತ್ತದೆ. ಗಿಡವನ್ನು ಬೇರು, ಬುಡದ ಮಣ್ಣು ಸಮೇತ ಎತ್ತಿ ದೂರ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಆ ಜಾಗದಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ನೆಡಬೇಡಿ. ಆ ಮಡಿಯ ನೀರು ಪಕ್ಕದ ಮಡಿಗೆ ಹರಿಯದಂತೆ ಕಟ್ಟೆ ಹಾಕಿ, ಗುದ್ದಲಿ ತೊಳೆಯಿರಿ.

ಹಾಲಿನ ಎಳೆ ಬರಲಿಲ್ಲವಾದರೆ ಬೇರು ನೋಡಿ. ಬೇರೇ ಊದಿ ಗಂಟುಗಂಟಾಗಿದ್ದರೆ ಬೇರಿಗೆ ಹತ್ತುವ ಮಣ್ಣಿನ ಜಂತುಹುಳು. ಹುರುಳಿಕಾಯಿ, ಅಲಸಂದೆಯ ಬೇರಿನ ಗಂಟು ಕಂಡು ಗಾಬರಿಯಾಗಬೇಡಿ. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡು, ಉಗುರಲ್ಲಿ ಮೀಟಿದರೆ ಕಳಚುತ್ತವೆ, ಗಿಡಕ್ಕೆ ಒಳ್ಳೆಯದನ್ನೇ ಮಾಡುವಂಥವು.

ಗೊಬ್ಬರ ಮಣ್ಣಿನಲ್ಲಿ ಕೆಲಸ ಮಾಡುವಾಗ ಮುಳ್ಳು, ತಂತಿ ಚುಚ್ಚಿದರೆ ಸಣ್ಣದೆಂದು ಬಿಡಬೇಡಿ. ಸೋಪು ಹಾಕಿ ತೊಳೆದು, ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತೆಂದು ವೈದ್ಯರಿಗೆ ಹೇಳಿ.

ಲಕ್ಷಣ: ಒಂದು ಬದಿ ಚೆನ್ನ, ಇನ್ನೊಂದು ಬದಿ ಬಡಕಲು

ಇಂಗ್ಲಿಷ್ ತೋಟದ ಪುಸ್ತಕಗಳು ಎತ್ತರದ ಗಿಡವನ್ನು ಉತ್ತರಕ್ಕೆ ಹಾಕಿ ಎನ್ನುತ್ತವೆ. ಅವು ಸೂರ್ಯ ಸದಾ ದಕ್ಷಿಣಕ್ಕಿರುವ ದೇಶಗಳ ಮಾತು. ನಮ್ಮಲ್ಲಿ ಹಾಗಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಗೇ ಬಂದು ನೆರಳು ಕಾಲಡಿಗೆ ಇಳಿಯುತ್ತದೆ. ಆ ಎರಡು ದಿನಗಳ ನಡುವೆ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ. ಜೂನ್ ಮಧ್ಯಾಹ್ನ 6 ಅಡಿ ಚಪ್ಪರದ ನೆರಳು ದಕ್ಷಿಣಕ್ಕೆ ಒಂದಡಿ ಬಿದ್ದರೆ ಹೆಚ್ಚು. ಡಿಸೆಂಬರಿನಲ್ಲಿ ಅದೇ ಚಪ್ಪರ ಉತ್ತರಕ್ಕೆ ನಾಲ್ಕೂವರೆ ಅಡಿ ನೆರಳು ಚಾಚುತ್ತದೆ.

ಅಂದರೆ ಚಳಿಗಾಲದ ಕೋಸು, ಕ್ಯಾರೆಟ್, ಹುರುಳಿಕಾಯಿಯ ಮಡಿ ಚಪ್ಪರದ ಉತ್ತರಕ್ಕೆ ತಾಗಿಕೊಂಡಿರಬಾರದು. ವರ್ಷಪೂರ್ತಿ ಕಾಡುವುದು ಬೆಳಗಿನ ಮತ್ತು ಸಂಜೆಯ ನೆರಳು. ಪೂರ್ವದಲ್ಲಿ ಚಪ್ಪರ ಇದ್ದರೆ ಇಬ್ಬನಿ ಒಣಗಿಸುವ ಎಳೆಬಿಸಿಲನ್ನೇ ತಿನ್ನುತ್ತದೆ. ಪಶ್ಚಿಮಕ್ಕೆ ಹಾಕಿದರೆ ಬೇಸಿಗೆಯಲ್ಲಿ ಕೊತ್ತಂಬರಿಗೆ ಮಧ್ಯಾಹ್ನದ ಕೊಡೆಯಾಗುತ್ತದೆ.

ನೆರಳೇ ಇಲ್ಲದೆ ಒಂದು ಬದಿ ಸೊರಗಿದ್ದರೆ ಆ ಬದಿಯಲ್ಲಿ ಮೊಳದಾಳ ಅಗೆದು ನೋಡಿ. ತೆಂಗು, ನುಗ್ಗೆ, ಪಕ್ಕದ ಮನೆಯ ಮಾವು, ಯಾವುದಾದರೂ ಬೇರು ಸಿಗುತ್ತದೆ. ಎಷ್ಟೇ ಅಂತರ ಕೊಟ್ಟರೂ ಆ ಬೇರಿನ ಜೊತೆ ಸೆಣಸಲಾಗದು, ಮಡಿಯನ್ನೇ ಸರಿಸಿ.

ಲಕ್ಷಣ: ಮಡಿ ಖಾಲಿ ಕಾಣುತ್ತದೆ, ಕಳೆಯೇ ಹೆಚ್ಚು

ನೆಟ್ಟ ಮೊದಲ ತಿಂಗಳು ಖಾಲಿ ಕಾಣಲೇಬೇಕು. ಆ ಖಾಲಿ ನೋಡಲಾಗದೆ ತಾನೇ ನಾನು 42 ಇಟ್ಟದ್ದು. ಬದನೆ, ಕೋಸು ತಮ್ಮ ಜಾಗ ತುಂಬಿಕೊಳ್ಳುವಷ್ಟರಲ್ಲಿ ಮೆಂತ್ಯ ಒಂದು ತಿಂಗಳಿಗೆ, ಮೂಲಂಗಿ 45 ದಿನಕ್ಕೆ ಎದ್ದುಹೋಗುತ್ತವೆ. ನಡುವಿನ ಜಾಗದಲ್ಲಿ ಅವನ್ನೇ ಹಾಕಿ. ಎರಡು ತಿಂಗಳ ಮೇಲೂ ಗಿಡಗಳ ನಡುವೆ ಬಿಸಿಲು ನೆಲಕ್ಕೆ ಬೀಳುತ್ತಿದ್ದರೆ ಮಾತ್ರ ಅಂತರ ಹೆಚ್ಚಾಯಿತು, ಇಲ್ಲವೇ ಗಿಡ ಬೆಳೆದಿಲ್ಲ.

ತಾರಸಿಯ ಮೇಲೆ ಬೆಳೆಸುವವರಿಗೆ ಲೆಕ್ಕ ಸರಳ. 12 ಇಂಚಿನ ಕುಂಡಕ್ಕೆ ಒಂದು ಟೊಮೆಟೊ, ಅಥವಾ ಒಂದು ಬದನೆ, ಅಥವಾ ಒಂದು ಮೆಣಸಿನ ಗಿಡ. ಕುಂಡ ಬೇರೆಬೇರೆಯಾದರೂ ಎಲೆಗಳು ತಾಗುವಂತೆ ಒತ್ತಿಟ್ಟರೆ ಮಡಿಯ ರೋಗಗಳೇ ಬರುತ್ತವೆ. ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕೆಜಿಗೂ ಮೇಲೆ ತೂಗುತ್ತದೆ. 20 ಲೀಟರಿನ ಚೀಲವೊಂದು 30 ಕೆಜಿ. ಸಾಲು ಇಡುವ ಮೊದಲು ಕಟ್ಟಡ ಗೊತ್ತಿರುವ ಎಂಜಿನಿಯರ್ ಒಬ್ಬರನ್ನು ಕೇಳಿ, ಭಾರ ಗೋಡೆಗಳ ಮೇಲೆ ಬರುವಂತೆ ಇಡಿ.

ಯಾವಾಗ ಕೈಬಿಟ್ಟು ಕೇಳಬೇಕು

ಮೆಣಸಿನ ಎಲೆ ದೋಣಿಯಂತೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಎಂಬ ಪುಟ್ಟ ಕೀಟ, ಕೆಳಕ್ಕೆ ಮುದುಡಿದರೆ ನುಸಿ. ಬೆಂಡೆ ಎಲೆಯ ನರಗಳು ಹಳದಿ ಬಲೆಯಂತಾದರೆ ಬಿಳಿನೊಣ ಹರಡುವ ನಂಜುರೋಗ. ಬದನೆಯ ಕುಡಿ ಮಾತ್ರ ಜೋತುಬಿದ್ದಿದ್ದರೆ ಸೀಳಿ ನೋಡಿ, ಒಳಗೆ ಕೊರಕ ಹುಳು ಇರುತ್ತದೆ. ಇವು ಯಾವುವೂ ಅಂತರದಿಂದ ಸರಿಹೋಗುವಂಥವಲ್ಲ. ನಂಜು ಹತ್ತಿದ ಬೆಂಡೆಯನ್ನು ಕಿತ್ತುಹಾಕಿ, ಜೋತ ಬದನೆ ಕುಡಿಯನ್ನು ಹುಳು ಸಮೇತ ಕತ್ತರಿಸಿ ನಾಶ ಮಾಡಿ. ಗಿಡ ಕಡಿಮೆ ಮಾಡಿ ಎರಡು ವಾರ ಕಳೆದರೂ ಹೊಸ ಎಲೆಗೆ ಅದೇ ಲಕ್ಷಣ ಬಂದರೆ, ಅಥವಾ ಲೋಟದ ಪರೀಕ್ಷೆಯಲ್ಲಿ ಹಾಲಿನ ಎಳೆ ಕಂಡರೆ, ಇನ್ನು ಊಹೆ ಸಾಕು.

ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಇವುಗಳಲ್ಲಿ ಹತ್ತಿರದ್ದಕ್ಕೆ ಹೋಗಿ. ಫೋನಿನಲ್ಲಾದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡಬಹುದು. ಒಂದು ಎಲೆ ಕಿತ್ತುಕೊಂಡು ಹೋದರೆ ಅವರಿಗೂ ಏನೂ ಹೇಳಲಾಗುವುದಿಲ್ಲ. ಅಂಚಿನದೊಂದು, ನಡುವಿನದೊಂದು, ಎರಡು ಗಿಡಗಳನ್ನು ಬೇರು ಸಮೇತ ಅಗೆದು ಹಳೆಯ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಕೊಳೆಯುತ್ತದೆ. ನೆಟ್ಟ ತಾರೀಕು, ಕೊಟ್ಟ ಅಂತರ, ಹಾಕಿದ ಗೊಬ್ಬರ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೆಳಗ್ಗೆಯೇ ಅಗೆದು ಬೆಳಗ್ಗೆಯೇ ಒಯ್ಯಿರಿ, ಮಧ್ಯಾಹ್ನವಾದರೆ ಅದು ಬಾಡಿದ್ದು ರೋಗಕ್ಕೋ ಬಸ್ಸಿನ ಸೆಕೆಗೋ ಯಾರಿಗೂ ತಿಳಿಯದು.